ನಡುಗದ ಸುರುಳಿ

ಪೇಂಟರ್‌ನ ಬಲಗೈ ಆರು ತಿಂಗಳಿಂದ ಅವನ ಮಾತು ಕೇಳುತ್ತಿರಲಿಲ್ಲ. ಕುಂಚ ಹಿಡಿದರೆ ಸಾಕು, ನಡುಕ. ಬೇಕರಿಗೆ ಬರೆದುಕೊಟ್ಟ ಬೋರ್ಡಿನಲ್ಲಿ ಅಕ್ಷರಗಳೆಲ್ಲ ಚಳಿಜ್ವರ ಬಂದಂತೆ ಕಂಡವು. ಬೇಕರಿಯವನು ಅದನ್ನು ವಾಪಸು ತಂದು ಇವನ ಬಾಗಿಲಿಗೇ ಒರಗಿಸಿ ಹೋದ. ಆಮೇಲೆ ಯಾರೂ ಕೆಲಸ ಕೊಡಲಿಲ್ಲ.

ಅಂಥ ಹೊತ್ತಿನಲ್ಲಿ, ಅವನು ಹಿಂದೆ ಹೆಸರು ಬರೆಸಿ ಬಂದಿದ್ದ ದೊಡ್ಡಾಸ್ಪತ್ರೆಯಿಂದ ಪತ್ರ ಬಂತು. ಕೈನಡುಕಕ್ಕೆ ಹೊಸ ಔಷಧಿಯ ಸಂಶೋಧನೆ. ಉಳಿದಿರುವುದು ಒಂದೇ ಜಾಗ. ಇವತ್ತು ಮೂರು ಗಂಟೆಗೆ ಬಂದು ಕಾಗದದ ಮೇಲೆ ಸುರುಳಿ ಬರೆದು ತೋರಿಸಬೇಕು. ಪತ್ರವನ್ನು ಒಡೆದು ಓದಿದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಆ ಬೀದಿಯ ಪತ್ರಗಳನ್ನೆಲ್ಲ ಮೊದಲು ಓದುವವರು ಅವರೇ.

"ಒಂದೇ ಸೀಟು ಕಣಯ್ಯಾ! ಚೆನ್ನಾಗಿ ಬರೆದವನಿಗೇ ಸಿಗೋದು. ಬಾ, ಕೂತ್ಕೊ."

"ಮೇಷ್ಟ್ರೇ, ಅವರು ನಡುಗೋ ಕೈ ನೋಡೋಕಲ್ವಾ ಕರೆದಿರೋದು?"

"ನಲವತ್ತು ವರ್ಷ ಮಕ್ಕಳನ್ನ ಪಾಸು ಮಾಡ್ಸಿದೀನಿ. ನನಗೇ ಹೇಳ್ಕೊಡ್ತೀಯಾ?"

"ಮೇಷ್ಟ್ರು ಹೇಳಿದಷ್ಟು ಮಾಡ್ರೀ," ಎಂದು ಹೆಂಡತಿಯೂ ಗದರಿದಳು.

ಮಧ್ಯಾಹ್ನದೊಳಗೆ ಮನೆಯ ಹಳೇ ಕ್ಯಾಲೆಂಡರುಗಳೆಲ್ಲ ಸುರುಳಿಮಯವಾದವು. ಐವತ್ತನೆಯದಕ್ಕೆ ಪೇಂಟರ್‌ಗೆ ತನ್ನ ಹಳೇ ಉಪಾಯ ನೆನಪಾಯಿತು. ಸಣ್ಣ ನಾಮಫಲಕ ಬರೆಯುವಾಗ ಅವನು ಕಿರುಬೆರಳು ಊರಿ, ಉಸಿರು ಬಿಗಿಹಿಡಿಯುತ್ತಿದ್ದ. ಹಾಗೆ ಮಾಡಿದರೆ ಅರ್ಧ ನಿಮಿಷ ಕೈ ಅಲುಗದು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ, ಕೈ ಹೇಗೆ ಹೋಗುತ್ತದೋ ಹಾಗೇ ಬರೆಯುತ್ತೇನೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆದರೆ ಎದುರಿಗೆ ಬಿಳೀ ಹಾಳೆ, ಸುತ್ತ ಬಿಳೀ ಕೋಟಿನ ಐದಾರು ಮಂದಿ. ಇಷ್ಟು ಜನರ ಮುಂದೆ ಸೊಟ್ಟ ಗೆರೆ ಎಳೆಯುವುದೆಂದರೆ! ಮೂವತ್ತು ವರ್ಷದ ಕಸುಬು ಒಪ್ಪಲಿಲ್ಲ. ಕಿರುಬೆರಳು ತಾನಾಗಿ ಹಾಳೆಗೆ ಊರಿಕೊಂಡಿತು. ಉಸಿರು ನಿಂತಿತು. ಸುರುಳಿ ಹಾವಿನಂತೆ ನುಣ್ಣಗೆ ಸುತ್ತಿಕೊಂಡಿತು.

ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು, "ನೂರಕ್ಕೆ ನೂರು!" ಎಂದು ಕೂಗಿದರು. ಆರು ತಿಂಗಳಲ್ಲಿ ಮೊದಲ ಸಲ ಪೇಂಟರ್ ಎದೆಯುಬ್ಬಿಸಿ ನಿಂತ. ಅವನ ಕಣ್ಣಲ್ಲಿ ನೀರೇ ಬಂತು.

"ಅದ್ಭುತ," ಎಂದರು ಡಾಕ್ಟರು. "ನಡುಕ ಸೊನ್ನೆ. ಪಾಪ, ಸುಮ್ಮನೆ ಬಂದ್ರಿ. ಸ್ವಲ್ಪವಾದ್ರೂ ನಡುಗೋ ಕೈಗೆ ಮಾತ್ರ ನಮ್ಮ ಔಷಧಿ."

ಪೇಂಟರ್ ಗಡಗಡ ನಡುಗುವ ಕೈ ಎತ್ತಿ ತೋರಿಸಿದ. "ನೋಡಿ ಡಾಕ್ಟ್ರೇ, ನಡುಗ್ತಿದೆ!"

"ಗಾಬರಿಯಾದ್ರೆ ಎಲ್ಲರ ಕೈಯೂ ನಡುಗುತ್ತೆ. ಅಂದಹಾಗೆ, ನೀವು ಪೇಂಟರ್ ಅಲ್ವಾ? ಇಂಥ ಕೈ ಎಲ್ಲಿ ಸಿಗುತ್ತೆ! ನಮ್ಮ ವಿಭಾಗದ ಬೋರ್ಡು ಬರ್ಕೊಡಿ. ಹೊರಗೋಡೆ ಮೇಲೆ, ಒಂದೊಂದು ಅಕ್ಷರ ಎರಡಡಿ."

ಏಣಿಯ ಮೇಲೆ ನಿಂತು ಉಸಿರು ಬಿಗಿಹಿಡಿಯಲಾಗದು, ಹಸಿ ಬಣ್ಣಕ್ಕೆ ಕಿರುಬೆರಳು ಊರಲಾಗದು. ಪೇಂಟರ್ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು, "ನಾಳೆ ಬೆಳಿಗ್ಗೇನೇ ಬರ್ತಾನೆ!" ಎಂದುಬಿಟ್ಟರು.

ಸಂಜೆ ಬೀದಿಯವರೆಲ್ಲ ಬಂದು ಬೆನ್ನು ತಟ್ಟಿ ಹೋದರು. ಹೆಂಡತಿ ಹಿಗ್ಗಿನಿಂದ ಕುಂಚ ತೊಳೆಯುತ್ತ ಕೇಳಿದಳು: "ಬೋರ್ಡಲ್ಲಿ ಏನು ಬರೀಬೇಕಂತೆ?"

"ಕೈನಡುಕ ವಿಭಾಗ ಅಂತ," ಎಂದ ಪೇಂಟರ್. "ನಾನು ಬರೆದ ಮೇಲೆ ಯಾರೂ ಅದನ್ನ ಓದಲೇಬೇಕಾಗಿಲ್ಲ ಬಿಡು, ಅಕ್ಷರ ನೋಡಿದ್ರೇ ಗೊತ್ತಾಗುತ್ತೆ."