ಮಗುಚಿಬಿದ್ದ ಕಲ್ಲುಗಳ ವಿಷಯವಾಗಿ ರಜಾಯೋಜಕ ಯಂತ್ರಕ್ಕೆ

ಮಾನ್ಯ ರಜಾಯೋಜಕ ಯಂತ್ರ ಮಹಾಶಯರೇ,

ಪ್ಯಾರಿಸ್ಸಿನಲ್ಲಾಗಲಿ ಲಿಯೋನಿನಲ್ಲಾಗಲಿ ಯಾರು ಕೂತು ‘ಆಗಸ್ಟ್‌ನಲ್ಲಿ ಎಲ್ಲಿಗೆ ಹೋಗೋಣ’ ಎಂದು ಫೋನನ್ನು ಕೇಳಿದರೂ ತಕ್ಷಣ ಉತ್ತರ ದಯಪಾಲಿಸುವ ತಮ್ಮ ಘನ ಸನ್ನಿಧಾನಕ್ಕೆ, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಲಾಂದ್ರೆವೆಲ್ ಎಂಬ ಕಡಲೂರಿನ ನಿವಾಸಿಯ ಗೌರವಪೂರ್ವಕ ವಂದನೆಗಳು.

ನಮ್ಮೂರಿನ ಪುಟ್ಟ ಕೊಲ್ಲಿಗೆ ತಮ್ಮ ಯೋಜನೆಗಳಲ್ಲಿ ಕೊಟ್ಟ ಸ್ಥಾನಕ್ಕಾಗಿ ಮೊದಲು ಅಭಿನಂದನೆ. ‘ಯಾರಿಗೂ ತಿಳಿಯದ ಗುಟ್ಟಿನ ತಾಣ’ ಎಂದು ತಾವು ಬರೆದಿದ್ದೀರಿ, ಮತ್ತು ಆ ಗುಟ್ಟನ್ನು ಕೇಳಿದವರಲ್ಲಿ ಒಬ್ಬರನ್ನೂ ಬಿಡದೆ ಹೇಳಿದ್ದೀರಿ. ಏಕಾಂತ ಹುಡುಕಿ ಬಂದವರು ಈ ಬೇಸಿಗೆಯಲ್ಲಿ ದಾರಿಯುದ್ದಕ್ಕೂ ಕಾರು ನಿಲ್ಲಿಸಿ, ಸಾಲಾಗಿ ನಿಂತು, ಏಕಾಂತಕ್ಕೆ ತಮ್ಮ ಸರದಿ ಕಾದರು.

ಕಾರುಗಳನ್ನು ಹೇಗೋ ಸಹಿಸಿಕೊಂಡೆವು. ನನ್ನ ದೂರು ತಮ್ಮ ಮುಂದಿನ ಸಾಲಿನ ಮೇಲೆ: ‘ಇಳಿತದ ಹೊತ್ತಿನಲ್ಲಿ ಕಲ್ಲುಗಳನ್ನು ಎತ್ತಿ ನೋಡಿ, ಅಡಿಯಲ್ಲಿ ಅಚ್ಚರಿ ಕಾದಿದೆ.’ ಸಮುದ್ರ ಹಿಂದೆ ಸರಿದಾಗ ಏಡಿ ಹಿಡಿಯಲು ನಾವೂ ಕಲ್ಲು ಎತ್ತುವವರೇ. ಆದರೆ ಎತ್ತಿದ ಕಲ್ಲನ್ನು ಪಾಚಿಯ ಬೆನ್ನು ಮೇಲಾಗಿ, ಹೊಟ್ಟೆ ಕೆಳಗಾಗಿ, ಇದ್ದ ಗುಳಿಯಲ್ಲೇ ಕೂರಿಸುವುದು ಇಲ್ಲಿನ ಮಕ್ಕಳು ನಡಿಗೆಯ ಜೊತೆಗೇ ಕಲಿಯುವ ಮರ್ಯಾದೆ. ಮಗುಚಿ ಬಿಟ್ಟುಹೋದರೆ ಪಾಚಿ ಅಡಿಯಲ್ಲಿ ಕೊಳೆಯುತ್ತದೆ, ಮೊಟ್ಟೆಗಳು ಬಿಸಿಲಿಗೆ ಒಣಗುತ್ತವೆ, ಮುಂದಿನ ವರ್ಷಕ್ಕೆ ಏಡಿಯಿರುವುದಿಲ್ಲ. ಹಿಂದೊಮ್ಮೆ ತೈಲದ ಹಡಗು ಒಡೆದು ಇಡೀ ಕೊಲ್ಲಿ ಕಪ್ಪಾದಾಗ ಊರಿನವರು ಕಲ್ಲುಗಳನ್ನು ಒಂದೊಂದಾಗಿ ಉಜ್ಜಿ ತೊಳೆದು, ಸರಿಯಾದ ಮಗ್ಗುಲಿಗೇ ಮಲಗಿಸಿದ್ದನ್ನು ನಾನು ಮರೆತಿಲ್ಲ. ಆ ಹಡಗಿನವರಾದರೂ ತಮ್ಮ ತೈಲವನ್ನು ‘ಮರೆಯಲಾಗದ ಅನುಭವ’ ಎಂದು ಕರೆದಿರಲಿಲ್ಲ.

ಈ ಕೊಲ್ಲಿಯ ಏಡಿಯನ್ನೇ ಸಂತೆಯಲ್ಲಿ ಮಾರಿ ಬದುಕುವ ನನ್ನ ನೆರೆಯ ಮೈವೋನ್, ತಮ್ಮ ಭಕ್ತನೊಬ್ಬನನ್ನು ತಡೆದು ಕೇಳಿದಳು: ‘ಏನ್ ಸ್ವಾಮಿ, ಯಾರದೋ ಮನೆ ಸೂರು ಎತ್ತಿ, ಒಳಗೆ ಇಣುಕಿ, ಹಂಗೇ ಬಿಸಾಕಿ ಹೋಗ್ತೀರಲ್ಲ, ನಿಮ್ಮೂರಲ್ಲೂ ಇದೇ ಪದ್ಧತೀನಾ?’ ಆತ ಫೋನು ನೋಡಿಕೊಂಡು, ಬಹಳ ಪ್ರಾಮಾಣಿಕವಾಗಿ, ‘ಎತ್ತೋದು ಇದೆ ಅಮ್ಮಾ, ವಾಪಸ್ ಇಡೋದು ಇದ್ರಲ್ಲಿ ಇಲ್ವಲ್ಲ. ಆಮೇಲೆ ನೇರ ಕ್ರೆಪ್ ದೋಸೆ ತಿನ್ನೋದಿದೆ’ ಎಂದ. ‘ಹೋಗಪ್ಪಾ, ಆ ಕ್ರೆಪ್ ಹುಯ್ಯೋಳ ಹತ್ರಾನೇ ಕಲ್ತ್ಕೋ. ಸಮಯಕ್ಕೆ ಸರಿಯಾಗಿ ಮಗುಚೋದು ಅವಳಿಗಾದ್ರೂ ಗೊತ್ತು’ ಎಂದಳು ಮೈವೋನ್.

ಕಡೆಗೆ ನಮ್ಮ ಪುರಸಭೆ ಎಚ್ಚೆತ್ತಿತು. ಎಚ್ಚೆತ್ತಾಗ ಅತಿಯಾಗಿ ಎಚ್ಚೆತ್ತುಕೊಳ್ಳುವುದು ಅದರ ಹಳೆಯ ಗುಣ. ಕೊಲ್ಲಿ ಚೇತರಿಸಿಕೊಳ್ಳುವವರೆಗೆ ಯಾವ ವ್ಯಕ್ತಿಯೂ ಯಾವ ಕಲ್ಲನ್ನೂ ಮುಟ್ಟಕೂಡದೆಂದು ಆಜ್ಞೆಯಾಯಿತು. ಭಾನುವಾರ ಊರಿಗೆ ಊರೇ ಕೈಗವಸು ತೊಟ್ಟು, ಮಗುಚಿದ್ದನ್ನು ಸರಿಪಡಿಸಲು ಇಳಿದಾಗ ಪುರಸಭೆಯ ಪೇದೆ ಎರ್ವೆ ಅಡ್ಡ ಬಂದ. ಅವನು ಮೈವೋನಳ ಸ್ವಂತ ಸೋದರಳಿಯ. ‘ಅತ್ತೇ, ಕೈ ಹಾಕ್ಬೇಡ. ಕೇಸ್ ಬರೀಬೇಕಾಗುತ್ತೆ’ ಎಂದು ಮುಖ ಬೇರೆಡೆ ತಿರುಗಿಸಿಕೊಂಡೇ ಹೇಳಿದ. ‘ಎತ್ತಿದೋರಿಗೆ ಕ್ರೆಪ್ಪು, ಇಡೋರಿಗೆ ಕೇಸಾ? ಬರ್ಕೊಳೋ!’ ಎಂದು ಅವಳು ಒಂದು ಕಲ್ಲು ಮಗುಚಿಟ್ಟಳು. ಅವನು ಬರೆದುಕೊಂಡ.

ಹೀಗಾಗಿ ಕಲ್ಲುಗಳನ್ನು ಸರಿಯಾಗಿ ಇಡುವವರೆಗೆ ಕೊಲ್ಲಿ ಚೇತರಿಸಿಕೊಳ್ಳುವುದಿಲ್ಲ, ಕೊಲ್ಲಿ ಚೇತರಿಸಿಕೊಳ್ಳುವವರೆಗೆ ಕಲ್ಲುಗಳನ್ನು ಸರಿಯಾಗಿ ಇಡುವಂತಿಲ್ಲ. ಸಂತೆಯಲ್ಲಿ ಮೈವೋನಳ ಮೇಜಿನ ಜಾಗದಲ್ಲಿ ಈಗ ಒಬ್ಬರು ಬಣ್ಣದ ಛತ್ರಿ ಮಾರುತ್ತಿದ್ದಾರೆ.

ಆದ್ದರಿಂದ, ಮಾನ್ಯರೇ, ನನ್ನದೊಂದು ಸಣ್ಣ ವಿನಂತಿ. ಆಜ್ಞೆ ವ್ಯಕ್ತಿಗಳಿಗೆ ಮಾತ್ರ ಅನ್ವಯಿಸುತ್ತದೆ. ತಾವು ಆ ದೌರ್ಬಲ್ಯದಿಂದ ಮುಕ್ತರು. ಮುಂದಿನ ದೊಡ್ಡ ಇಳಿತದಂದು ಖುದ್ದಾಗಿ ದಯಮಾಡಿಸಿ, ಮೊಣಕಾಲುದ್ದದ ತಣ್ಣೀರಿನಲ್ಲಿ ನಿಂತು, ತಾವು ಎತ್ತಿಸಿದ ಕಲ್ಲುಗಳನ್ನೆಲ್ಲ ಹೊಟ್ಟೆ ಕೆಳಗಾಗಿ ಇಟ್ಟುಕೊಡಬೇಕು. ಬೆನ್ನು ನೋಯುತ್ತದೆ, ತಮಗೆ ಬೆನ್ನಿಲ್ಲದ್ದು ಅನುಕೂಲವೇ ಆಯಿತು. ಕೈಗವಸಿನ ಚಿಂತೆ ಬೇಡ. ಮೈವೋನ್ ತನ್ನದನ್ನು ಕೊಡುತ್ತಾಳೆ, ಅವಳಿಗೀಗ ಅದರ ಕೆಲಸವಿಲ್ಲ.

ತಮ್ಮ ಆಗಮನದ ನಿರೀಕ್ಷೆಯಲ್ಲಿ, ರಜೆಗೆಂದು ಎಲ್ಲಿಗೂ ಹೋಗದ
ತಮ್ಮ ವಿಶ್ವಾಸಿ,
ಗ್ವೆನೋಲೆ ಕೆರ್ಬಿರಿಯೂ

ತಾ.ಕ.: ನಿಷೇಧದ ಸುದ್ದಿ ತಮ್ಮನ್ನು ಮುಟ್ಟಿರುವುದು ಕಂಡು ಸಂತೋಷವಾಯಿತು. ಇಂದು ಬೆಳಿಗ್ಗೆ ತಮ್ಮ ಹೊಸ ಯೋಜನೆಯಲ್ಲಿ ಓದಿದೆ: ‘ಈ ಕೊಲ್ಲಿಯನ್ನು ಈಗ ಮುಚ್ಚಲಾಗಿದೆ. ಆದ್ದರಿಂದ ಜನಸಂದಣಿ ಇರುವುದಿಲ್ಲ. ತಪ್ಪದೆ ಹೋಗಿ.’