ತೆರೆಗೆ ಬೆನ್ನು ಕೊಟ್ಟು ಕೂತ ಕಾಕಾ

ನಮ್ಮ ಕಾಕಾ ಕಡಿಮೆಯೆಂದರೂ ನೂರು ಸಲ ಸಿನಿಮಾಕ್ಕೆ ಹೋಗಿದ್ದಾರೆ. ಒಂದನ್ನೂ ನೋಡಿಲ್ಲ! ನಿದ್ದೆ ಹೊಡೆಯುತ್ತಿದ್ದರೆಂದು ತಿಳಿಯಬೇಡಿ. ಡೇರೆಯೊಳಗೆ ಎಲ್ಲರಿಗಿಂತ ಮುಂದೆ, ತೆರೆಯ ಬುಡದಲ್ಲೇ, ತೆರೆಗೆ ಬೆನ್ನು ಕೊಟ್ಟು, ಜನರ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಅದೂ ಟಿಕೀಟು ತೆಗೆಸಿ!

ಆಗ ನಮ್ಮ ಕಡೆ ಕಟ್ಟೆಕಟ್ಟೆಗೂ ಒಂದೇ ವಾದ: ಸಿನಿಮಾ ನೋಡಿ ಮಂದಿ ಕೆಡುತ್ತಾರೋ ಇಲ್ಲವೋ? ನಾನು ಕೆಡುತ್ತಾರೆ ಅನ್ನುವ ಪಕ್ಷದವನು. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವನಾದರೂ ಸ್ವಂತ ದುಡಿಮೆಯಿಂದ ನಾಲ್ಕು ಗಾಡಿ ಕಟ್ಟಿಸಿದವನು ನಾನು. ಟೂರಿಂಗ್ ಟಾಕೀಸಿನ ಡೇರೆ, ಕಂಬ, ಯಂತ್ರ ಎಲ್ಲವನ್ನೂ ಘಟಪ್ರಭಾ ಸ್ಟೇಶನ್ನಿನಿಂದ ಗೋಕಾಕಿಗೆ, ಅಲ್ಲಿಂದ ಮೂಡಲಗಿಗೆ, ಹುಕ್ಕೇರಿಗೆ ಹೊತ್ತು ತಿರುಗಿದ್ದು ನನ್ನ ಗಾಡಿಗಳೇ. ಆದರೆ ಒಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ದುಡಿಯುವವನಿಗೆ ಕೂತು ನೆರಳು ನೋಡಲು ಪುರಸೊತ್ತೆಲ್ಲಿ?

"ಕಳ್ಳತನ, ಕುಡಿತ, ಹಿರ್ಯಾರಿಗೆ ಎದುರು ಮಾತಾಡೂದು, ಎಲ್ಲಾ ಅಲ್ಲೇ ಕಲೀತಾರ್ರಿ ಕಾಕಾ" ಅನ್ನುತ್ತಿದ್ದೆ.

"ಸಿನಿಮಾ ಏನೂ ಕಲಸೂದಿಲ್ಲೋ ತಮ್ಮಾ. ಒಳಗಿದ್ದದ್ದನ್ನ ಮಾರಿ ಮ್ಯಾಲೆ ತರ್ತೈತಿ, ಅಷ್ಟ. ಕತ್ತಲಾಗ ಯಾರೂ ನೋಡಂಗಿಲ್ಲ ಅಂತ ಮಂದಿ ತಮ್ಮ ಖರೇ ಮಾರಿ ಬಿಚ್ಚಿಟ್ಟು ಕುಂಡರತಾರ. ತೆರಿ ಬೆಳಕಿನ್ಯಾಗ ಅದು ಚೊಲೋ ಕಾಣತೈತಿ."

ಮೂಡಲಗಿಯಲ್ಲಿ ಡೇರೆಯ ಮ್ಯಾನೇಜರ್ ಇವರನ್ನು ನೋಡಿ ಗಾಬರಿಯಾದ. ಚಿತ್ರ ಬಿಟ್ಟು ಜನರನ್ನೇ ದಿಟ್ಟಿಸುವವನು ಸರಕಾರದ ಮನುಷ್ಯನಲ್ಲದೆ ಮತ್ತಾರು? ಕುರ್ಚಿ ಬಂತು, ಚಹಾ ಬಂತು. ಕಾಕಾ ಎರಡು ಕಪ್ಪು ಕುಡಿದು, "ಹಾಲು ಕಡಿಮಿ ಆತು" ಅಂದರು. ಮ್ಯಾನೇಜರನಿಗೆ ಅದರಲ್ಲೂ ಏನೋ ಗೂಢಾರ್ಥ ಕಂಡಿರಬೇಕು! ಮರುದಿನ ಖಳನಾಯಕ ಬಾಟ್ಲಿ ಎತ್ತಿದ ಕೂಡಲೇ ಯಂತ್ರದವನು ಬೆಳಕಿಗೆ ಅಂಗೈ ಅಡ್ಡ ಹಿಡಿದ. ತೆರೆಯೆಲ್ಲ ಕತ್ತಲೆ, ಗಟಗಟ ಸಪ್ಪಳ ಮಾತ್ರ ಕೇಳಿಸುತ್ತಿದೆ.

"ಕುಡಿಯೂ ಸಪ್ಪಳ ಬರಾಕತ್ತೈತಿ, ಕುಡಿಯಾಂವ ಎಲ್ಲಿ ಹ್ವಾದನ್ಲೇ?" ಎಂದು ಜನ ಎದ್ದು ನಿಂತರು. ಯಂತ್ರದವನ ಅಂಗೈ ಕಾದು ಬೊಬ್ಬೆ ಬಂದಿತ್ತು, ಪಾಪ!

ಡೇರೆ ಹುಕ್ಕೇರಿಗೆ ಹೋಗುವಷ್ಟರಲ್ಲಿ ಕಾಕಾ ಮುಖ ಓದುತ್ತಾರೆಂಬ ಸುದ್ದಿ ಹಬ್ಬಿತು. ಹೆಣ್ಣು ಹೆತ್ತವರು ಕಾಕಾನ ಬಳಿ ಬಂದು, "ಇಂಥಾವ್ರ ಹುಡುಗ ಹೆಂಗ್ರಿ? ಡೇರೆದಾಗ ನೋಡೀರೇನ್ರಿ?" ಎಂದು ವಿಚಾರಿಸತೊಡಗಿದರು. ಅಲ್ಲಿಗೆ ಹುಕ್ಕೇರಿಯ ಲಗ್ನವಾಗದ ಹುಡುಗರೆಲ್ಲ ಸಜ್ಜನರಾದರು! ತೆರೆಯ ಮೇಲೆ ಯಾರಾದರೂ ಸುಳ್ಳು ಹೇಳಿದರೆ ಇಡೀ ಡೇರೆ "ಛೀ! ಥೂ!" ಅನ್ನುತ್ತಿತ್ತು. ಒಬ್ಬನಂತೂ ನಾಯಕನ ತಾಯಿಗಾಗಿ ಗೊಳೋ ಎಂದು ಅತ್ತ. ಬಾಜೂದವನು ಅವನ ಅಂಗಿ ಜಗ್ಗಿ ಹೇಳಿದ:

"ಲೇ, ತಡೀಲೇ! ಮುದುಕಿ ಇನ್ನೂ ಸತ್ತಿಲ್ಲ, ಕೆಮ್ಮಾಕತ್ತಾಳ ಅಷ್ಟ!"

ಇದೆಲ್ಲ ನನಗೆ ನಗುವ ವಿಷಯವಾಗಿತ್ತು, ನನ್ನ ತಂಗಿಯ ಸಂಬಂಧ ಕೂಡಿಬರುವವರೆಗೆ. ಹುಡುಗ ಹುಕ್ಕೇರಿಯವನು. ನೀರಾವರಿ ಹೊಲ, ಹಂಚಿನ ಮನೆ, ಒಬ್ಬನೇ ಮಗ. ಸೋಮವಾರ ಸಕ್ಕರೆ ಹಂಚಿ ಗಟ್ಟಿ ಮಾಡಿಕೊಳ್ಳುವುದೆಂದು ನಾನು ಮಾತು ಕೊಟ್ಟಿದ್ದೆ. ಕಾಕಾ ಮಾತ್ರ ಅಡ್ಡ ಮಲಗಿದರು.

"ಬ್ಯಾಡ. ಹುಕ್ಕೇರಿ ಡೇರೆದಾಗ ಆ ಹುಡುಗ ನಕ್ಕ."

"ನಗಲಾರದ ಅಳಬೇಕಾಗಿತ್ತೇನ್ರಿ?"

"ಯಾವಾಗ ನಕ್ಕ, ಕೇಳು. ಸಿನಿಮಾದಾಗಿನ ಗಂಡ ಹೆಂಡ್ತಿ ಕಪಾಳಕ್ಕ ಹೊಡದಾಗ. ಸುಳ್ಳಿಗೆ ಥೂ ಅಂದಾಂವನ ಅದಕ್ಕ ನಕ್ಕ."

ನನಗೆ ತಲೆ ಕೆಟ್ಟುಹೋಯಿತು. ಒಂದು ನಗುವಿಗೆ ಇಂಥ ಮನೆತನ ಬಿಡುವುದೇ? ನಾಲ್ಕು ಮಂದಿಯಲ್ಲಿ ಮಾತು ಕೊಟ್ಟ ನಾನು ಎಲ್ಲಿ ಮುಖ ಇಡಲಿ? ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಹೂಡಿದ ಎತ್ತು ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಹೂಡುವುದು. ತಂಗಿ ಊಟಕ್ಕೆ ಬಡಿಸುವಾಗ ಒಮ್ಮೆ ನನ್ನ ಮುಖ, ಒಮ್ಮೆ ಕಾಕಾನ ಮುಖ ನೋಡುತ್ತಿದ್ದಳು.

ಅದೇ ಚಿತ್ರ ಗೋಕಾಕಿಗೆ ಬಂತು. ಆ ಹುಡುಗನೂ ಸೋಮವಾರದ ಸಲುವಾಗಿ ಗೋಕಾಕಿನ ಸೋದರತ್ತೆಯ ಮನೆಗೆ ಬಂದಿಳಿದಿದ್ದ. "ಶನಿವಾರ ನೀನ ಬಾ, ನನ್ನ ಬಾಜೂ ಕುಂಡ್ರು" ಎಂದರು ಕಾಕಾ. "ಮನಿ ಹೆಣ್ಮಕ್ಕಳನ್ನೂ ಕರಕೊಂಡು ಬಾ." ನಮ್ಮೂರು ಧುಪದಾಳದಿಂದ ಗಾಡಿ ಕಟ್ಟಿಕೊಂಡು ಹೋದೆವು. ಹೆಂಡತಿ, ತಂಗಿ ಇಬ್ಬರೂ ಹೆಂಗಸರ ಕಡೆ ಕೂತರು. ನಾನು, ನಾಲ್ಕು ಗಾಡಿಯ ಮಾಲಕ, ಇಡೀ ಗೋಕಾಕ ನೋಡುವಂತೆ ತೆರೆಗೆ ಬೆನ್ನು ಹಾಕಿ ಕಾಕಾನ ಬಾಜೂ ಕೂತೆ!

"ಕಾಕಾಗ ಜೋಡಿ ಸಿಕ್ಕಿತಲೋ!" ಎಂದು ಯಾರೋ ಕೂಗಿದರು. ನೊಣ ಮುತ್ತಿದ ಎತ್ತಿನ ಹಾಗೆ ಮೈ ಕೊಡವುತ್ತಲೇ ಇದ್ದೆ.

ಆ ಹುಡುಗ ನಾಲ್ಕನೆಯ ಸಾಲಿನಲ್ಲಿದ್ದ. ಬೆನ್ನ ಹಿಂದೆ ಗಂಡನ ಗರ್ಜನೆ, ಹೆಂಡತಿಯ ಅಳು, ಆಮೇಲೆ ಚಟಾರೆಂಬ ಏಟು. ಹುಡುಗ ಹಲ್ಲು ಕಿಸಿದ. ಬಾಜೂದವನ ತೊಡೆ ತಟ್ಟಿ ಇನ್ನೊಮ್ಮೆ ನಕ್ಕ.

"ನೋಡಿದಿ?"

"ನೋಡಿದೆರಿ" ಎಂದು ನಾನು ಏಳಲು ಹೋದೆ. ಕಾಕಾ ಮೊಣಕೈ ಹಿಡಿದು ಕೂರಿಸಿದರು.

"ಇಷ್ಟಕ್ಕ ಏಳಬ್ಯಾಡ. ಪೂರಾ ಡೇರೆ ನೋಡು."

ಗಂಡ ಮತ್ತೆ ಗರ್ಜಿಸಿದ. ನಾನು ಹೆಂಗಸರ ಕಡೆ ನೋಡಿದೆ. ಕೆಲವರು ಚ್ ಚ್ ಅನ್ನುತ್ತಿದ್ದರು. ತಂಗಿ ಬಾಯಿ ತೆರೆದು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ನನ್ನ ಹೆಂಡತಿ. ಏಟಿನ ಸಪ್ಪಳ ಇನ್ನೂ ಬಂದಿರಲಿಲ್ಲ; ಅವಳ ತಲೆ ಆಗಲೇ ಪಕ್ಕಕ್ಕೆ ಸರಿದಿತ್ತು, ಅಂಗೈ ಎಡಗೆನ್ನೆಯನ್ನು ಮುಚ್ಚಿತ್ತು. ಅಷ್ಟು ಮಂದಿಯಲ್ಲಿ ಏಟು ತಪ್ಪಿಸಿಕೊಂಡವಳು ಅವಳೊಬ್ಬಳೇ.

ಎರಡು ಸಲ ಅವಳ ಮೇಲೆ ನನ್ನ ಕೈ ಎದ್ದಿತ್ತು. ಎರಡೇ ಸಲ ಎಂದು ನಾನು ಹಗುರ ಮಾಡಿಕೊಂಡಿದ್ದೆ. ಸಿನಿಮಾ ನೋಡಿ ಕಲಿತೆ ಅನ್ನೋಣವೆಂದರೆ, ನಾನು ಕಾಲಿಟ್ಟ ಮೊದಲನೆಯ ಸಿನಿಮಾ ಇದು. ಇದನ್ನೂ ಇನ್ನೂ ನೋಡಿರಲಿಲ್ಲ! ನಮ್ಮ ಮನೆಯ ಪಡಸಾಲೆಯಲ್ಲೇ ಮಲಗುವ ಕಾಕಾನಿಗೆ ಎಲ್ಲ ಗೊತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ. ಸಿನಿಮಾ ಡೇರೆಯಲ್ಲಿ ಅವರು ಕಣ್ಣು ಕೆಳಗೆ ಹಾಕಿ ಕೂತದ್ದು ಅದೊಂದೇ ಸಲ ಇರಬೇಕು.

ಹೊರಗೆ ಬಂದ ಮೇಲೆ, "ಸೋಮವಾರ ಬರಬ್ಯಾಡ್ರಿ ಅಂತ ಅವರಿಗೆ ಹೇಳಿಬಿಡ್ರಿ ಕಾಕಾ" ಅಂದೆ. ತಂಗಿ ಅದನ್ನು ಕೇಳಿ ಚಂಗನೆ ಗಾಡಿ ಹತ್ತಿದಳು. ಹೆಂಡತಿ ಕೆಳಗೇ ನಿಂತಿದ್ದಳು. ನಾನು ಗಾಡಿ ಹತ್ತಿ, ಅವಳೂ ಹತ್ತಲೆಂದು ಕೈ ಚಾಚಿದೆ. ಲಗ್ನವಾಗಿ ಒಂಬತ್ತು ವರ್ಷದಲ್ಲಿ ಹಾಗೆ ಚಾಚಿದ್ದು ಅದೇ ಮೊದಲು. ಅವಳು ಆ ಕೈಯನ್ನೇ ನೋಡಿದಳು.

"ಎತ್ತು ಹಿಡೀರಿ, ನಾ ಹತ್ತತೇನಿ" ಅಂದಳು.

ಎತ್ತುಗಳು ಅಲುಗದೆ ನಿಂತಿದ್ದವು. ನಾನು ಕೈ ಹಿಂತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಎರಡೇ ಎರಡು ಬೆರಳು ಹಿಡಿದು ಮೇಲೆ ಬಂದಳು.