ಅತ್ತೆ ಬೀಗ ಹಾಕಿಟ್ಟ ಮರಗಳು

ಇಡೀ ದಿಲ್ಲಿಯಲ್ಲಿ ಮರಗಳಿಗೆ ಬೀಗ ಹಾಕಿಟ್ಟವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ! ನಂಬುವುದಿಲ್ಲವೇ? ಮಯೂರ್ ವಿಹಾರದ ಅವರ ಫ್ಲ್ಯಾಟಿಗೆ ಬನ್ನಿ, ಸ್ಟೀಲ್ ಬೀರು ತೋರಿಸುತ್ತೇನೆ. ತೋರಿಸುವುದಷ್ಟೇ, ತೆಗೆಯುವ ಅಧಿಕಾರ ನನಗಿಲ್ಲ.

ಅತ್ತೆ ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್. ಲೋಧಿ ಕಾಲೋನಿಯ ಬೇವು, ನೇರಳೆ, ಕಕ್ಕೆ ಮರಗಳು ಯಾವ ವರ್ಷ ಯಾವಾಗ ಚಿಗುರಿದವು, ಯಾವಾಗ ಹೂ ಬಿಟ್ಟವು ಎಂದು ನಾನು ಹುಟ್ಟುವ ಮೊದಲಿಂದ ಬರೆದಿಡುತ್ತಾ ಬಂದವರು. ಆ ನೋಟ್‌ಬುಕ್ಕುಗಳೆಲ್ಲ ಬೀರುವಿನಲ್ಲಿ. ಯಾರಾದರೂ ಕದ್ದರೆ? ಅದಕ್ಕೇ ಬೇರೆಯವರಿಗೆ ಗೊತ್ತಾಗದಂತೆ ಮರಗಳಿಗೆಲ್ಲ ನಮ್ಮ ನೆಂಟರ ಹೆಸರು! ಒಮ್ಮೆ ಮೆಟ್ರೋದಲ್ಲಿ ಗಟ್ಟಿಯಾಗಿಯೇ ಹೇಳಿದರು: "ಸರೋಜತ್ತಿಗೆಗೆ ಒಳಗೆಲ್ಲ ಗೆದ್ದಲು ಹಿಡಿದಿದೆ ಕಣೋ. ಸೋಮವಾರ ಕಡಿದುಹಾಕ್ತಾರಂತೆ." ಎದುರಿಗಿದ್ದ ಮನುಷ್ಯನಿಗೆ ಕನ್ನಡ ಬರುತ್ತಿತ್ತು, ನಮ್ಮ ಕಡೆಯ ಹೋಟೆಲಿನವನಿರಬೇಕು. ಮೆಲ್ಲನೆ ಎದ್ದು ಮುಂದಿನ ಬೋಗಿಗೆ ಹೋದ.

ಸೆಮಿನಾರುಗಳಲ್ಲಂತೂ ಕೇಳಲೇಬೇಡಿ. ಯಾರೂ ಫೋಟೋ ಹೊಡೆಯಬಾರದೆಂದು ಸ್ಲೈಡುಗಳನ್ನು ಎಷ್ಟು ಬೇಗ ಓಡಿಸುತ್ತಿದ್ದರೆಂದರೆ, ಕೊನೆಗೆ ಅವರಿಗೇ ಯಾವುದರ ಬಗ್ಗೆ ಮಾತಾಡುತ್ತಿದ್ದೇನೆಂದು ತಿಳಿಯುತ್ತಿರಲಿಲ್ಲ. ಸಂಶೋಧನೆಯನ್ನೆಲ್ಲ ಎಲ್ಲರೂ ಓದುವಂತೆ ಲೈಬ್ರರಿಯ ವೆಬ್‌ಸೈಟಿಗೆ ಹಾಕಿ ಎಂದು ಯೂನಿವರ್ಸಿಟಿ ಕೇಳಿದಾಗ ಉರಿದುಬಿದ್ದರು. "ಬಿಸಿಲಲ್ಲಿ ಬೆಂದವಳು ನಾನು, ಏಸಿಯಲ್ಲಿ ಕೂತು ಉಣ್ಣೋರು ಇವರಾ?" ಹಾಗಂತ ಬೇರೆಯವರ ಲೇಖನ ದುಡ್ಡು ಕೊಡದೆ ತೆರೆಯದಿದ್ದರೆ ಇವರೇ ಬೈಯುತ್ತಿದ್ದರು: "ವಿದ್ಯೆಗೂ ಬೀಗ ಹಾಕ್ತಾರಲ್ಲ, ಎಂಥ ಜನ!"

ನಗಬಹುದು, ಆದರೆ ಅವರ ಭಯಕ್ಕೆ ಕಾರಣವಿತ್ತು. ಹಿಂದೆ ಅವರ ಪಿಎಚ್‌ಡಿ ಗೈಡೇ ಇವರ ಕೆಲಸವನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದರು. ಆ ಉರಿ ಆರಲೇ ಇಲ್ಲ.

ಹೀಗಿರುವಾಗ, ನಾಲ್ಕೈದು ವರ್ಷದ ಹಿಂದೆ, ದಿಲ್ಲಿಯ ರೋಹಿಣಿ ಬಡಾವಣೆಯ ಒಬ್ಬ ವಿದ್ಯಾರ್ಥಿನಿ ಮನೆಗೆ ಬಂದಳು. ಅದೇ ಮರಗಳ ಮೇಲೆ ಪಿಎಚ್‌ಡಿ ಮಾಡಬೇಕಿತ್ತಂತೆ. "ಮ್ಯಾಮ್, ಹಳೇ ವರ್ಷಗಳ ವಿವರ ಸ್ವಲ್ಪ ಕೊಟ್ಟರೆ..." ಎಂದಳು. ಅತ್ತೆ ಬಿಸಿಬೇಳೆಬಾತ್ ಬಡಿಸಿದರು. ಹುಡುಗಿ ಮತ್ತೆ ಕೇಳಿದಳು. ಇನ್ನೊಂದು ಸೌಟು ಬಿತ್ತು. ಪಾಪ, ಹೊಟ್ಟೆ ಭಾರವಾಗಿ, ಬರಿಗೈಯಲ್ಲಿ ಹೋದಳು. "ಮೊದಲು ನನ್ನ ಪುಸ್ತಕ ಬರಲಿ, ಆಮೇಲೆ ನೋಡೋಣ" ಎಂದರು ಅತ್ತೆ. ಪುಸ್ತಕ ಇವತ್ತಿಗೂ ಬಂದಿಲ್ಲ.

ಕಳೆದ ತಿಂಗಳು ಫೋನ್ ಮಾಡಿದರು: "ಬೇಗ ಬಾ, ಕಳ್ಳಿ ಸಿಕ್ಕಿದಾಳೆ." ಹೋದೆ. ಆ ಹುಡುಗಿಯ ಪ್ರಬಂಧ ಯಾರು ಬೇಕಾದರೂ ಪುಕ್ಕಟೆ ಓದುವಂತೆ ಇಂಟರ್ನೆಟ್ಟಿನಲ್ಲಿತ್ತು. ಅತ್ತೆ ಕನ್ನಡಕ ಏರಿಸಿ ಕಳ್ಳತನ ಹುಡುಕತೊಡಗಿದರು. ಎಲ್ಲಿದೆ ಕಳ್ಳತನ? ಎಲ್ಲವೂ ಅವಳೇ ಬಿಸಿಲಲ್ಲಿ ತಿರುಗಿ ಕಂಡದ್ದು. ಕೊನೆಯ ಪುಟದಲ್ಲಿ ಬರೆದಿದ್ದಳು: ಹಳೆಯ ಮರಗಳು ಎಷ್ಟೋ ಉರುಳಿಹೋಗಿವೆ. ಅವು ಯಾವಾಗ ಹೂ ಬಿಡುತ್ತಿದ್ದವೆಂಬ ವಿವರ ಎಲ್ಲೂ ಸಿಗಲಿಲ್ಲ.

ಅತ್ತೆ ಆ ಸಾಲನ್ನು ಮತ್ತೆ ಓದಿದರು. "ಎಷ್ಟು ಕಷ್ಟಪಟ್ಟಿದೆ ಹುಡುಗಿ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ನಾನು ಬೀರುವಿನ ಕಡೆ ನೋಡಿದೆ. ಅವರೂ ಅತ್ತ ನೋಡಿ ಅಂದರು:

"ಕೇಳಿದ್ದಳು. ಅಲ್ವೇನೋ?"

"ಹೂಂ ಅತ್ತೆ."

ಅವರ ಮುಖ ನೋಡಲಾಗಲಿಲ್ಲ. ಅವಳ ನಂಬರ್ ಹುಡುಕಿ, ಒತ್ತಿ, ಫೋನನ್ನು ಅವರ ಕೈಗಿಟ್ಟೆ. ಜೀವಮಾನವಿಡೀ ಪಾಠ ಹೇಳಿದ ಅತ್ತೆ ಚಿಕ್ಕ ಮಗುವಿನಂತೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು:

"ಏನಂತ ಶುರು ಮಾಡಲೋ? ನೀನೇ ಹೇಳಿಕೊಡು."